ತಲೆಯೊಳಗಿನ ಗಡ್ಡೆಯ ಊಟದ ಲೆಕ್ಕ

ಮೆದುಳಿನ ಗಡ್ಡೆ ಏನು ತಿಂದು ಬೆಳೆಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ನಾನು ವೈದ್ಯೆ ಅಲ್ಲ, ಬಯೋಕೆಮಿಸ್ಟ್ರಿಯವಳು. ಎಷ್ಟು ಸಲ ಹೇಳಿದರೂ ಶ್ರೀನಿವಾಸಪುರದ ಕಡೆಯ ನಮ್ಮ ನೆಂಟರು ಮಂಡಿನೋವಿನ ಎಕ್ಸ್‌ರೇ ಹಿಡಿದುಕೊಂಡೇ ಮನೆಗೆ ಬರುತ್ತಾರೆ. ಬೆಂಗಳೂರಿನಲ್ಲಿ ಪಿಎಚ್‌ಡಿ, ಆಮೇಲೆ ಕೆಲವು ವರ್ಷ ಹೊರದೇಶ, ಈಗ ಕೋಲಾರದಲ್ಲಿ ಪಾಠದ ಜೊತೆಗೆ ಒಂದು ಪುಟ್ಟ ಲ್ಯಾಬ್. ಇದೇ ವಿಷಯದಲ್ಲಿ ಕೆಲಸ ಮಾಡುತ್ತೇವೆಂದು ಆಗಾಗ ವಿದ್ಯಾರ್ಥಿಗಳು ಕೇಳಿಕೊಂಡು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ವಾರ್ಬರ್ಗ್ ಕಥೆ ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬರ್ಗ್ ಗಡ್ಡೆಯ ತೆಳು ಹೋಳುಗಳನ್ನು ಇಟ್ಟುಕೊಂಡು ಅಳೆದರು. ಆಮ್ಲಜನಕ ಧಾರಾಳವಾಗಿದ್ದರೂ ಅವು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಹೊರಗೆ ಚೆಲ್ಲುತ್ತವೆ ಎಂದು ಕಂಡುಕೊಂಡರು. ಒಂದು ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 30 ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ನಾಣ್ಯ) ಸಿಗುತ್ತದೆ, ಲ್ಯಾಕ್ಟೇಟ್‌ಗೇ ನಿಂತರೆ ಬರೀ 2. ಗಡ್ಡೆಯ ಕೋಶಗಳಲ್ಲಿ ಉಸಿರಾಟದ ಯಂತ್ರವೇ ಕೆಟ್ಟಿದೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ಅಳತೆ ಸರಿಯಿತ್ತು, ಕಾರಣ ಮಾತ್ರ ಹಾಗಲ್ಲ. ಬಹುಪಾಲು ಗಡ್ಡೆಗಳಲ್ಲಿ ಆ ಯಂತ್ರಗಳು, ಅಂದರೆ ಮೈಟೊಕಾಂಡ್ರಿಯಾ, ಕೆಲಸ ಮಾಡುತ್ತಲೇ ಇರುತ್ತವೆ. ಅಳತೆಯನ್ನೂ ಕಾರಣವನ್ನೂ ಬೇರೆ ಬೇರೆಯಾಗಿ ನೋಡುವುದನ್ನು ಕಲಿಯಲು ನನಗೆ ವರ್ಷಗಳು ಹಿಡಿದವು.

ನಾನು ಮೊದಲು ನೋಡಿದ್ದು ಫ್ಲಾಸ್ಕಿನಲ್ಲಿ ಬೆಳೆದ ಕೋಶಗಳನ್ನು. ಅವು ಕುಡಿಯುವ ಮೀಡಿಯಾದಲ್ಲಿ ಫೀನಾಲ್ ರೆಡ್ ಎಂಬ ಬಣ್ಣ ಇರುತ್ತದೆ. ಹೊಸದರಲ್ಲಿ ಕೆಂಪು, ಆಮ್ಲ ಸೇರಿದಂತೆ ಕಿತ್ತಳೆ, ಆಮೇಲೆ ಹಳದಿ. ಶನಿವಾರ ಕೆಂಪಗೆ ಇಟ್ಟು ಹೋದ ಗ್ಲಿಯೋಮಾ (ಮೆದುಳಿನ ಆಧಾರಕೋಶಗಳ ಗಡ್ಡೆ) ಫ್ಲಾಸ್ಕು ಸೋಮವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಹಳದಿ ತಿರುಗಿರುತ್ತಿತ್ತು. ವಾರ್ಬರ್ಗ್ ಹೇಳಿದ್ದು ಕಣ್ಣೆದುರೇ ಇದೆ ಎಂದು ಖುಷಿಯಾಗುತ್ತಿತ್ತು. ಆದರೆ ಆ ಮೀಡಿಯಾದ ಲೇಬಲ್ ಓದಿ ನೋಡಿ: ಲೀಟರಿಗೆ 4.5 ಗ್ರಾಂ ಗ್ಲೂಕೋಸ್. ನಮ್ಮ ರಕ್ತಪರೀಕ್ಷೆಯ ಲೆಕ್ಕಕ್ಕೆ ತಂದರೆ ಅದು 450. ಮನೆಯಲ್ಲಿ ಯಾರಿಗಾದರೂ ಶುಗರ್ 450 ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುತ್ತೇವೆ. ಲ್ಯಾಬಿನಲ್ಲಿ ಮಾತ್ರ ಅದು ದಿನನಿತ್ಯದ ಊಟ. ಮೆದುಳಿನ ಒಳಗೆ ಕೋಶಗಳ ಸುತ್ತ ಇರುವ ಗ್ಲೂಕೋಸ್ ರಕ್ತದಲ್ಲಿರುವುದಕ್ಕಿಂತಲೂ ಕಡಿಮೆ. ಅಷ್ಟು ಸಕ್ಕರೆ ಮುಂದಿಟ್ಟು, ನೋಡಿ ಎಷ್ಟು ಸಕ್ಕರೆ ತಿನ್ನುತ್ತದೆ ಎಂದರೆ ಏನರ್ಥ? ಸಕ್ಕರೆ ಇಳಿಸಿ ಬೆಳೆಸಿದರೆ ಅವೇ ಕೋಶಗಳು ಆಮ್ಲಜನಕವನ್ನು ಹೆಚ್ಚು ಬಳಸುವುದಕ್ಕೆ ಶುರು ಮಾಡುತ್ತವೆ. ಮನುಷ್ಯನ ರಕ್ತದ ಅಳತೆಗೆ ಹೊಂದಿಸಿದ ಮೀಡಿಯಾ 2017ರಲ್ಲಿ ಬಂತು. ದುಬಾರಿ, ಆದರೂ ಈಗ ಶುರು ಮಾಡುವವರು ಅದರಲ್ಲೇ ಶುರು ಮಾಡಿ ಎನ್ನುತ್ತೇನೆ.

ಕೋಶಗಳದ್ದೂ ಒಂದು ತಕರಾರು. ಪ್ರಪಂಚದಲ್ಲೆಲ್ಲ ಗ್ಲಿಯೋಬ್ಲಾಸ್ಟೋಮಾ (ಅತಿ ಉಗ್ರ ಗ್ಲಿಯೋಮಾ) ಎಂದರೆ ಯು87 ಎಂಬ ಕೋಶಸಂತತಿಯನ್ನೇ ಬೆಳೆಸುತ್ತಿದ್ದರು. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಒಬ್ಬ ರೋಗಿಯ ಗಡ್ಡೆಯಿಂದ ತೆಗೆದದ್ದು. 2016ರಲ್ಲಿ ಡಿಎನ್ಎ ಹೋಲಿಸಿ ನೋಡಿದಾಗ, ಎಲ್ಲರಿಗೂ ಹಂಚಿಕೆಯಾಗುತ್ತಿದ್ದ ಯು87 ಆ ರೋಗಿಯದ್ದೇ ಅಲ್ಲ ಎಂದು ತಿಳಿಯಿತು. ಅದೂ ಮೆದುಳಿನ ಗಡ್ಡೆಯದ್ದೇ ಇರಬೇಕು, ಯಾರದ್ದು ಅಂತ ಗೊತ್ತಿಲ್ಲ, ಅಷ್ಟೆ. ಅಷ್ಟರಲ್ಲಿ ನಾನು ಫ್ಲಾಸ್ಕಿನಿಂದ ದೂರ ಸರಿದಿದ್ದೆ. ಕಾರಣ, 2012ರಲ್ಲಿ ಅಮೆರಿಕದಿಂದ ಬಂದ ಒಂದು ವರದಿ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯ ರಕ್ತಕ್ಕೆ ಕಾರ್ಬನ್-13 ಸೇರಿಸಿದ ಗ್ಲೂಕೋಸ್ ಹರಿಸಿ, ತೆಗೆದ ಗಡ್ಡೆಯಲ್ಲಿ ಆ ಕಾರ್ಬನ್ ಎಲ್ಲೆಲ್ಲಿ ಹೋಗಿದೆ ಎಂದು ಹುಡುಕಿದ್ದರು. ಕಾರ್ಬನ್-13 ವಿಕಿರಣ ಸೂಸುವುದಿಲ್ಲ, ಸ್ವಲ್ಪ ಭಾರದ ಕಾರ್ಬನ್ ಅಷ್ಟೆ. ನಾವು ತಿನ್ನುವ ಅನ್ನದಲ್ಲೂ ನೂರಕ್ಕೆ ಒಂದರಷ್ಟು ಇರುತ್ತದೆ. ಫಲಿತಾಂಶ ನೋಡಿದರೆ, ಮನುಷ್ಯನ ತಲೆಯೊಳಗೆ ಇದ್ದ ಗಡ್ಡೆ ಗ್ಲೂಕೋಸನ್ನು ಮೈಟೊಕಾಂಡ್ರಿಯಾದಲ್ಲಿ ಉರಿಸುತ್ತಲೂ ಇತ್ತು. 2014ರಲ್ಲಿ ಅದೇ ರೀತಿ ಹುಡುಕಿ, ಗಡ್ಡೆ ಅಸಿಟೇಟನ್ನೂ (ವಿನೆಗರಿನಲ್ಲಿರುವ ಆಮ್ಲದ ರೂಪ) ಉರಿಸುತ್ತದೆ ಎಂದು ತೋರಿಸಿದರು. ಫ್ಲಾಸ್ಕು ಹೇಳಿದ್ದೊಂದು, ತಲೆ ಹೇಳಿದ್ದು ಮತ್ತೊಂದು. ರೋಗಿಯ ಗಡ್ಡೆಯನ್ನೇ ನೋಡಬೇಕು, ಅದೂ ಸಾಧ್ಯವಾದಷ್ಟು ಬೇಗ ನೋಡಬೇಕು ಎಂದು ನಾನು ತೀರ್ಮಾನಿಸಿದ್ದು ಆಗ.

ನಮ್ಮ ಕ್ಷೇತ್ರಕ್ಕೇ ದಿಕ್ಕು ಬದಲಿಸಿದ್ದು ಇನ್ನೊಂದು ಸಂಗತಿ. 2008ರಲ್ಲಿ 22 ಗ್ಲಿಯೋಬ್ಲಾಸ್ಟೋಮಾ ಗಡ್ಡೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಓದಿದವರಿಗೆ ಐಡಿಎಚ್1 ಎಂಬ ಜೀನಿನಲ್ಲಿ ಒಂದೇ ಜಾಗದಲ್ಲಿ ಬದಲಾವಣೆ ಸಿಕ್ಕಿತು. ಅದು ಕ್ಯಾನ್ಸರ್ ಜೀನುಗಳ ಪಟ್ಟಿಯಲ್ಲಿ ಯಾರೂ ಹುಡುಕುತ್ತಿದ್ದದ್ದಲ್ಲ. ಡಿಗ್ರಿ ಓದುವಾಗ ಕ್ರೆಬ್ಸ್ ಚಕ್ರದ (ಆಹಾರ ಉರಿಸಿ ಶಕ್ತಿ ಪಡೆಯುವ ಕ್ರಿಯೆಗಳ ಸರಣಿ) ಜೊತೆ ಬಾಯಿಪಾಠ ಮಾಡುವ, ಐಸೊಸಿಟ್ರೇಟ್ ಹಿಡಿದುಕೊಂಡು ಆಲ್ಫಾ ಕೀಟೊಗ್ಲುಟರೇಟ್ ಮಾಡುವ ಸಾಧಾರಣ ಕಿಣ್ವ. ಅದರ 132ನೆಯ ಸ್ಥಾನದಲ್ಲಿ ಅರ್ಜಿನಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಹೆಚ್ಚಾಗಿ ಹಿಸ್ಟಿಡಿನ್. ಮುಂದಿನ ವರ್ಷ ಗೊತ್ತಾಯಿತು, ಕಡಿಮೆ ದರ್ಜೆಯ ಗ್ಲಿಯೋಮಾಗಳಲ್ಲಿ ಶೇ. 70ಕ್ಕೂ ಹೆಚ್ಚಿನವುಗಳಲ್ಲಿ ಇದು ಇದೆ. ಅದೇ 2009ರ ಕೊನೆಗೆ, ಬದಲಾದ ಕಿಣ್ವ ಸುಮ್ಮನೆ ಕೂತಿಲ್ಲ, 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಹೊಸ ವಸ್ತುವನ್ನು ಮಾಡುತ್ತಿದೆ ಎಂಬ ಸುದ್ದಿ ಬಂತು. ಲ್ಯಾಬಿನಲ್ಲಿ ನಾವು 2-ಎಚ್‌ಜಿ ಎನ್ನುತ್ತೇವೆ. ಮಾಮೂಲಿ ಅಂಗಾಂಶಕ್ಕಿಂತ ನೂರು ಪಟ್ಟಿನವರೆಗೆ ಅದು ಗಡ್ಡೆಯಲ್ಲಿ ತುಂಬಿಕೊಳ್ಳುತ್ತದೆ. ತುಂಬಿಕೊಂಡು, ಡಿಎನ್ಎ ಮೇಲೆ ಕೂತು ಜೀನುಗಳ ನಡೆ ನಿರ್ಧರಿಸುವ ಮೀಥೈಲ್ ಗುರುತುಗಳನ್ನು ಅಳಿಸುವ ಕಿಣ್ವಗಳ ಕೈ ಕಟ್ಟಿಹಾಕುತ್ತದೆ. ಜೀನು ಕೆಟ್ಟು ಮೆಟಬಾಲಿಸಂ (ಕೋಶದ ಊಟ, ಪಚನದ ವ್ಯವಹಾರ) ಕೆಡುವುದು ಎಲ್ಲರೂ ಒಪ್ಪಿದ ಮಾತಾಗಿತ್ತು. ಮೆಟಬಾಲಿಸಂ ಕೆಟ್ಟು ಜೀನುಗಳ ನಡೆ ಕೆಡುವುದು ಇಲ್ಲಿ ಎದ್ದು ಕಂಡಿತು. ಬಯೋಕೆಮಿಸ್ಟ್ರಿ ಹಳೇ ವಿಷಯ, ಇನ್ನೇನಿದ್ದರೂ ಜೀನು ಎಂದು ಮೂಗು ಮುರಿಯುತ್ತಿದ್ದವರೆಲ್ಲ ಆ ವರ್ಷ ಕ್ರೆಬ್ಸ್ ಚಕ್ರದ ಪಟ ಮತ್ತೆ ಗೋಡೆಗೆ ಅಂಟಿಸಿಕೊಂಡರು!

ಕೋಲಾರಕ್ಕೆ ವಾಪಸು ಬರುತ್ತೇನೆ ಎಂದಾಗ ಗೆಳೆಯರು ಕೇಳಿದ್ದು, ಕೋಲಾರದಲ್ಲಿ ಕೂತು ಎಂಥ ರಿಸರ್ಚು ಅಂತ. ಕೆಜಿಎಫ್ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಿಂದ ಬಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಹಿಡಿದದ್ದು ನಮ್ಮ ಜಿಲ್ಲೆಯಲ್ಲೇ ಅಲ್ಲವೆ ಎಂದು ಬಾಯಿಮುಚ್ಚಿಸುತ್ತಿದ್ದೆ. ಗಣಿ 2001ರಲ್ಲಿ ಮುಚ್ಚಿತು, ಮಾತಿಗೆ ಮಾತ್ರ ಈಗಲೂ ಒದಗುತ್ತದೆ. ನಿಜ ಹೇಳಬೇಕೆಂದರೆ ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಕಾರ್ಬನ್-13 ಹರಿಸಿ ನೋಡುವ ದುಡ್ಡು ನನ್ನ ಬಳಿ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಕೋಟಿಯ ಯಂತ್ರ ತಂದು, ಅದಕ್ಕೆ ಹಾಕುವ ಕೆಮಿಕಲ್ಲಿಗೆ ಕಾಸಿಲ್ಲದೆ ಬಟ್ಟೆ ಹೊದಿಸಿಟ್ಟ ಲ್ಯಾಬುಗಳನ್ನು ನಾನು ನೋಡಿದ್ದೆ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿಕೊಂಡೆ: ನನ್ನ ಕೈಲಿ ಏನನ್ನು ನಂಬಿಕೆಯಿಂದ ಅಳೆಯಲು ಸಾಧ್ಯ?

ಮೊದಲು ಬೇಕಾದದ್ದು ದ್ರವ ಸಾರಜನಕ. ಮೈನಸ್ 196 ಡಿಗ್ರಿ. ಗಡ್ಡೆಯ ತುಂಡು ಅದಕ್ಕೆ ಬಿದ್ದರೆ ಒಳಗಿನ ಕಿಣ್ವಗಳೆಲ್ಲ ಇದ್ದಲ್ಲೇ ನಿಲ್ಲುತ್ತವೆ. ಕೋಲಾರದಲ್ಲಿ ಇದು ಸಿಗುವುದೆಲ್ಲಿ ಎಂದು ಬೆಂಗಳೂರಿನ ಗ್ಯಾಸ್ ಏಜೆನ್ಸಿಗಳಿಗೆಲ್ಲ ಫೋನ್ ಮಾಡುತ್ತಿದ್ದಾಗ ಅಪ್ಪ ಕೇಳಿಸಿಕೊಂಡು, “ನಮ್ ಡೈರಿಗೆ ಬರೋ ನೈಟ್ರೋಜನ್ನೇ ಏನಮ್ಮ ಅದು?” ಎಂದರು. ಅದೇ! ಹಸುಗಳಿಗೆ ಇಂಜೆಕ್ಷನ್ ಕೊಡುವವರು ಬೈಕಿನಲ್ಲಿ ಕಟ್ಟಿಕೊಂಡು ಬರುವ ಕ್ಯಾನಿನಲ್ಲಿ ಹೋರಿಯ ವೀರ್ಯದ ಕಡ್ಡಿಗಳು ತೇಲುವುದು ಇದರಲ್ಲೇ. ಹಾಲಿನ ಜಿಲ್ಲೆ ನಮ್ಮದು, ಸಾರಜನಕದ ಗಾಡಿ ತಪ್ಪದೆ ಬರುತ್ತದೆ. ಕ್ಯಾನ್ ಸಂಭಾಳಿಸುವುದನ್ನು ನಾನು ಕಲಿತದ್ದೂ ಊರಿನಲ್ಲಿ ಆ ಕೆಲಸ ಮಾಡುವ ಒಬ್ಬರಿಂದ. ಒಳಗೆ ಎಷ್ಟಿದೆ ಎಂದು ಬಗ್ಗಿ ನೋಡಿದರೆ ಹೊಗೆ ಬಿಟ್ಟು ಏನೂ ಕಾಣುವುದಿಲ್ಲ. ಅವರು ಮರದ ಪಟ್ಟಿಯೊಂದನ್ನು ತಳ ಮುಟ್ಟುವ ಹಾಗೆ ಇಳಿಸಿ, ಕೊಂಚ ಹೊತ್ತು ಹಿಡಿದು, ಮೇಲೆತ್ತಿ ಗಾಳಿಯಲ್ಲಿ ಬೀಸಿದರು. ಪಟ್ಟಿಯ ಮೇಲೆ ಬಿಳಿ ಮಂಜು ಕಟ್ಟಿತು. ಮಂಜಿನ ಗೆರೆ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ದ್ರವ ಇದೆ. “ನಾಲ್ಕು ಬೆರಳಿಗಿಂತ ಕಮ್ಮಿ ಆಗೋಕೆ ಬಿಡಬೇಡ್ರಿ ಮೇಡಂ, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಬೇಡ್ರಿ, ಸಿಡೀತದೆ” ಎಂದರು. ಒಂದು ಲೀಟರ್ ದ್ರವ ಆವಿಯಾದರೆ 690 ಲೀಟರಿಗೂ ಹೆಚ್ಚು ಅನಿಲ. ಬಿಗಿ ಮುಚ್ಚಳ ಹಾಕಿದರೆ ಸಿಡಿಯದೆ ಇನ್ನೇನು? ಕಾರಿನಲ್ಲಿ ಒಯ್ಯುವಾಗ ಕಿಟಕಿ ಇಳಿಸಿರಬೇಕು, ಇಲ್ಲದಿದ್ದರೆ ಒಳಗಿನ ಆಮ್ಲಜನಕವೇ ತೆಳುವಾಗುತ್ತದೆ. ನರಸಾಪುರದ ಟ್ರಾಫಿಕ್ಕಿನಲ್ಲಿ ಧೂಳು ಕುಡಿದುಕೊಂಡೇ ಹೋಗಬೇಕು, ಏನು ಮಾಡುವುದು. ಈಗ ಡ್ರೈ ಶಿಪ್ಪರ್ ಬಂದಿದೆ. ದ್ರವವನ್ನು ಒಳಗೋಡೆಯೇ ಹೀರಿಟ್ಟುಕೊಳ್ಳುತ್ತದೆ, ಚೆಲ್ಲುವ ಭಯವಿಲ್ಲ.

ಶಸ್ತ್ರಚಿಕಿತ್ಸೆ ನಡೆಯುವುದು ಬೆಂಗಳೂರಿನ ಆಸ್ಪತ್ರೆಯಲ್ಲಿ. ಥಿಯೇಟರಿನ ಮೂಲೆಯಲ್ಲಿ ನನಗೊಂದು ಟ್ರಾಲಿ. ಅದರ ಮೇಲೆ ಕ್ಯಾನು, ಉದ್ದ ಚಿಮಟ, ಮೊದಲೇ ತಣ್ಣಗಾಗಿಸಿದ ಟ್ಯೂಬುಗಳು, ಗಡಿಯಾರ, ಪೆನ್ಸಿಲ್. ಪೆನ್ಸಿಲ್ಲೇ ಬೇಕು. ಪೆನ್ನಿನ ಶಾಯಿ ಮೆಥನಾಲ್ ತಗುಲಿದರೆ ಅಳಿಸಿಹೋಗುತ್ತದೆ. ಸರ್ಜನ್ನರು ಕೊಡುವುದು ತೊಗರಿಕಾಳಿನಷ್ಟು ತುಂಡು. ರಕ್ತ ನಿಲ್ಲಿಸಲು ಸುಡುವ ಕಾಟರಿ ತಗುಲಿದ ಅಂಚು ಬೇಡ. ಅಲ್ಟ್ರಾಸೌಂಡ್ ಸಕ್ಷನ್ನಿನಲ್ಲಿ ಬಂದದ್ದು ಸಲೈನಿನಲ್ಲಿ ಕದಡಿಹೋಗಿರುತ್ತದೆ, ನನ್ನ ಕೆಲಸಕ್ಕೆ ಅದೂ ಬೇಡ. ಚಿಮಟದಲ್ಲಿ ಹಿಡಿದು ಕತ್ತರಿಸಿದ್ದೇ ಬೇಕು. ಗಡ್ಡೆಯ ನಡುವಿನದೋ ಅಂಚಿನದೋ ಎಂದು ಕೇಳಿ ಬರೆದುಕೊಳ್ಳಬೇಕು. ನಡುವೆ ಆಮ್ಲಜನಕ ಮುಟ್ಟದೆ ಸತ್ತ ಭಾಗಗಳಿರುತ್ತವೆ, ಅಂಚಿನ ಬದುಕೇ ಬೇರೆ. ತುಂಡಿನ ಮೇಲಿನ ರಕ್ತವನ್ನು ಗಾಜ್ ಬಟ್ಟೆಗೆ ಒಮ್ಮೆ ಒತ್ತಿ ತೆಗೆದು ಸಾರಜನಕಕ್ಕೆ ಬಿಡುತ್ತೇನೆ. ಚೊಯ್ ಎಂದು ಕುದಿದು ತಣ್ಣಗಾಗುತ್ತದೆ.

ಇಲ್ಲಿ ಗಡಿಯಾರ ಯಾಕೆಂದರೆ, ಗಡ್ಡೆಗೆ ರಕ್ತ ನಿಂತ ಕ್ಷಣದಿಂದ ಅದು ಒಳಗಿದ್ದ ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಮುಗಿಸತೊಡಗುತ್ತದೆ. ಕೆಲವೇ ನಿಮಿಷಗಳಲ್ಲಿ ಎಟಿಪಿ ಕುಸಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ತುಂಡನ್ನು ಬಟ್ಟಲಿನಲ್ಲಿ ಇಟ್ಟು ಎಲ್ಲರೂ ಮರೆತರೆ, ಮಧ್ಯಾಹ್ನ ನನಗೆ ಸಿಗುವ ಹೆಚ್ಚಿನ ಲ್ಯಾಕ್ಟೇಟ್ ಗಡ್ಡೆಯದ್ದಲ್ಲ, ಬಟ್ಟಲಿನದ್ದು. ಹಾಗಾಗಿ ಎರಡು ಹೊತ್ತು ಬರೆಯುತ್ತೇನೆ: ತುಂಡು ಬೇರ್ಪಟ್ಟದ್ದು, ಸಾರಜನಕಕ್ಕೆ ಬಿದ್ದದ್ದು. ತಡವಾದ ತುಂಡುಗಳನ್ನು ಎಸೆಯುವುದಿಲ್ಲ, ಬೇರೆ ಪಟ್ಟಿಗೆ ಹಾಕುತ್ತೇನೆ. ಅವುಗಳಲ್ಲಿ ಲ್ಯಾಕ್ಟೇಟ್ ಮಾತ್ರ ಅಳೆಯುವುದಿಲ್ಲ. ಅರಿವಳಿಕೆಯವರ ಹಾಳೆಯಿಂದ ರಕ್ತದ ಸಕ್ಕರೆ, ಕೊಟ್ಟ ಡ್ರಿಪ್ಪು, ಊತ ಇಳಿಸುವ ಡೆಕ್ಸಾಮೆಥಾಸೋನ್ ಎಷ್ಟು ದಿನದಿಂದ ಎಂಬುದನ್ನೂ ನಕಲು ಮಾಡಿಕೊಳ್ಳಬೇಕು. ಇವನ್ನು ಬಿಟ್ಟ ಪ್ರಬಂಧ ನನ್ನ ಕೈಗೆ ವಿಮರ್ಶೆಗೆ ಬಂದರೆ ನಾನು ಮೊದಲು ಕೇಳುವುದು ಇದನ್ನೇ, ಬೈಸಿಕೊಂಡರೂ ಸರಿ.

ಲ್ಯಾಬಿಗೆ ಬಂದ ಮೇಲಿನ ಕೆಲಸ ಸರಳ. ಹೆಪ್ಪುಗಟ್ಟಿದ ತುಂಡನ್ನು ಕರಗಲು ಬಿಡದೆ ತೂಗಿ, ಕುಟ್ಟಿ, ತಣ್ಣನೆ ಮೆಥನಾಲಿನಲ್ಲಿ ಸಾರ ತೆಗೆಯುವುದು. ಲ್ಯಾಕ್ಟೇಟ್ ಅಳೆಯಲು ಹಳೇ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಹಾಕಿ ಎನ್ಎಡಿಎಚ್ ಹುಟ್ಟುವುದನ್ನು 340 ನ್ಯಾನೊಮೀಟರಿನಲ್ಲಿ ನೋಡಿದರಾಯಿತು, ಎಂಎಸ್ಸಿ ಮಕ್ಕಳೂ ಮಾಡುತ್ತಾರೆ. 2-ಎಚ್‌ಜಿಗೆ ಮಾತ್ರ ಬೆಂಗಳೂರಿನ, ಅಣುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಸಮಯ ಕಾದಿರಿಸಿ ಹೋಗುತ್ತೇವೆ. ಅದರಲ್ಲೊಂದು ಪೇಚು. 2-ಎಚ್‌ಜಿ ಡಿ ಮತ್ತು ಎಲ್ ಎಂದು ಎಡಗೈ ಬಲಗೈನಂತೆ ಎರಡು ರೂಪದಲ್ಲಿದೆ, ತೂಕ ಒಂದೇ. ಕೆಟ್ಟ ಐಡಿಎಚ್ ಮಾಡುವುದು ಡಿ ರೂಪ. ಆಮ್ಲಜನಕ ಕಡಿಮೆಯಾದರೆ ಮಾಮೂಲಿ ಕೋಶಗಳೂ ಎಲ್ ರೂಪ ಮಾಡುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ಬರೀ ತೂಕ ನೋಡಿದರೆ ಎರಡೂ ಒಂದೇ ಗೆರೆಯಲ್ಲಿ ಬೀಳುತ್ತವೆ. ಸಣ್ಣ ಏರಿಕೆ ಕಂಡಾಗ ಎರಡನ್ನೂ ಬಿಡಿಸಿ ನೋಡದೆ ಏನೂ ಹೇಳಬಾರದು.

2-ಎಚ್‌ಜಿಯನ್ನೇ ನಾನು ಹಿಡಿದುಕೊಂಡದ್ದಕ್ಕೆ ಇನ್ನೊಂದು ಕಾರಣ, ಅದು ಕಾಯುತ್ತದೆ. ಲ್ಯಾಕ್ಟೇಟಿನ ಹಾಗೆ ನಿಮಿಷಕ್ಕೊಂದು ಮಾತು ಹೇಳುವುದಿಲ್ಲ. ಫಾರ್ಮಲಿನ್ನಿನಲ್ಲಿ ಅದ್ದಿ ಮೇಣದಲ್ಲಿ ಕೂರಿಸಿದ ಪೆಥಾಲಜಿ ಬ್ಲಾಕುಗಳಲ್ಲೂ ಅದನ್ನು ಪತ್ತೆ ಮಾಡಬಹುದೆಂದು 2012ರಲ್ಲಿ ಜರ್ಮನಿಯವರು ತೋರಿಸಿಕೊಟ್ಟಿದ್ದರು. ಪೆಥಾಲಜಿ ವಿಭಾಗಗಳಲ್ಲಿ ಬ್ಲಾಕುಗಳು ವರ್ಷಾನುಗಟ್ಟಲೆ ಮರದ ಡ್ರಾಯರುಗಳಲ್ಲಿ ಕೂತಿರುತ್ತವೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಅವನ್ನು ಬಳಸತೊಡಗಿದೆವು. ಅದೇ ಬ್ಲಾಕಿನ ಇನ್ನೊಂದು ಹೋಳಿಗೆ, ಬದಲಾದ ಐಡಿಎಚ್1ಗೆ ಅಂಟಿಕೊಳ್ಳುವ ಆಂಟಿಬಾಡಿ ಹಾಕಿದರೆ ಕಂದು ಬಣ್ಣ ಬರುತ್ತದೋ ಇಲ್ಲವೋ ನೋಡಬಹುದು. ಆ ಆಂಟಿಬಾಡಿ ಹಿಡಿಯುವುದು ಹಿಸ್ಟಿಡಿನ್ ಬಂದಿರುವ ಬದಲಾವಣೆಯನ್ನು ಮಾತ್ರ. ಗ್ಲಿಯೋಮಾಗಳ ಐಡಿಎಚ್1 ಬದಲಾವಣೆಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಅದೇ. ಉಳಿದದ್ದಕ್ಕೆ ಜೀನನ್ನೇ ಓದಬೇಕು. ಜಿಲ್ಲಾ ಕೇಂದ್ರದಲ್ಲಿ ಕೂತವರಿಗೆ ಇಂಥ ಕೆಲಸ ಒಗ್ಗುತ್ತದೆ.

ಒಪ್ಪಿಗೆ ಪತ್ರದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ. ಪತ್ರ ಎರಡರಲ್ಲೂ ಇದೆ, ಆದರೆ ಓದಿ ಸಹಿ ಹಾಕುವವರು ಕಡಿಮೆ, ಕೇಳಿ ಹಾಕುವವರೇ ಹೆಚ್ಚು. ಮುಳಬಾಗಿಲು ಕಡೆಯ ಒಬ್ಬ ಅಜ್ಜ ಮಗನ ಪರವಾಗಿ ಕೂತು, “ನಿಮಗೆ ಅಂತ ಜಾಸ್ತಿ ಕುಯ್ಯಲ್ಲ ತಾನೆ?” ಎಂದರು. ಇಲ್ಲ ತಾತ, ತೆಗೆಯಲೇಬೇಕಾದ್ದರಲ್ಲಿ ಉಳಿದದ್ದು ಮಾತ್ರ, ಪರೀಕ್ಷೆಗೆ ಬೇಕಾದ್ದು ಹೋದ ಮೇಲೆ ಎಂದೆ. “ನಿಮಗೆ ಸಿಗೋ ಲೆಕ್ಕದಿಂದ ಇವನಿಗೆ ಏನಾದ್ರೂ ಆಗ್ತದಾ?” ಬಹುಶಃ ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆಟ್ಟು ಒತ್ತಿದರು. ಆ ‘ಬಹುಶಃ ಇಲ್ಲ’ವನ್ನು ಮೆದುಮಾಡಿ ಹೇಳಲು ವಿದ್ಯಾರ್ಥಿಗಳು ಹವಣಿಸುತ್ತಾರೆ. ನಾನು ಬಿಡುವುದಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ ಸಕ್ಕರೆಯದ್ದು. ಗಡ್ಡೆಗೆ ಸಕ್ಕರೆ ಇಷ್ಟ, ಸಕ್ಕರೆ ನಿಲ್ಲಿಸಿದರೆ ಗಡ್ಡೆ ಒಣಗುತ್ತದೆ ಎಂಬುದು ವಾಟ್ಸಾಪಿನಲ್ಲಿ ಓಡಾಡುವ ಮಾತು. ಒಬ್ಬರು ಬಂದು, “ಡಾಕ್ಟ್ರಮ್ಮ, ನಮ್ಮೆಜಮಾನ್ರಿಗೆ ಅನ್ನ, ಹಣ್ಣು ಎಲ್ಲಾ ನಿಲ್ಸಿಬಿಟ್ಟಿದೀನಿ, ಮುದ್ದೆ ಒಂದೇ” ಎಂದರು. ರಾಗಿಯಲ್ಲಿರುವುದೂ ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಅದೂ ಗ್ಲೂಕೋಸೇ. ಅಷ್ಟೇ ಅಲ್ಲ, ಏನೂ ತಿನ್ನದಿದ್ದರೂ ಲಿವರು ಪ್ರೋಟೀನಿನಿಂದ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ, ಯಾಕೆಂದರೆ ಮೆದುಳಿಗೆ ಅದು ಬೇಕು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ಸುಮ್ಮನೆ ಕೂತಾಗಲೂ ಶೇ. 20ರಷ್ಟು ಶಕ್ತಿ ಬಳಸುತ್ತದೆ. ಅದಕ್ಕೇ ವಿಕಿರಣ ಸೂಸುವ ಗುರುತು ಹಾಕಿದ ಸಕ್ಕರೆಯನ್ನು ರಕ್ತಕ್ಕೆ ಹರಿಸಿ ನೋಡುವ ಪೆಟ್ ಸ್ಕ್ಯಾನು ಬೇರೆ ಕಡೆಯ ಕ್ಯಾನ್ಸರಿಗೆ ಕೆಲಸ ಮಾಡಿದಂತೆ ತಲೆಯಲ್ಲಿ ಮಾಡುವುದಿಲ್ಲ. ಇಡೀ ಮೆದುಳು ಬೆಳಗುತ್ತಿರುವಾಗ ಗಡ್ಡೆ ಅದರಲ್ಲಿ ಅಡಗಿಬಿಡುತ್ತದೆ, ಮೆಥಿಯೋನಿನ್‌ನಂಥ ಅಮೈನೊ ಆಮ್ಲ ಹಾಗೆ ಹರಿಸಿ ನೋಡಿದರೆ ಎದ್ದು ಕಾಣುತ್ತದೆ. ಗಡ್ಡೆಗೆ ಸಕ್ಕರೆ ಸಿಗದಿದ್ದರೆ ಗ್ಲುಟಮಿನ್ ಇದೆ, ಅಸಿಟೇಟ್ ಇದೆ, ಕೊಬ್ಬು ಇದೆ. ಸಕ್ಕರೆ ಪೂರ್ತಿ ಬಿಡಿಸುವ ಕೀಟೊ ಆಹಾರದ ಪ್ರಯೋಗಗಳು ನಡೆದಿವೆ, ಆಯುಷ್ಯ ಹೆಚ್ಚಿಸಿದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಹಾಗೆಂದು ಶುಗರ್ ಎಷ್ಟಾದರೂ ಇರಲಿ ಎಂದಲ್ಲ. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆ ಏರಿಸುತ್ತದೆ, ಏರಿದ ಸಕ್ಕರೆಯವರಿಗೆ ಗ್ಲಿಯೋಬ್ಲಾಸ್ಟೋಮಾದಲ್ಲಿ ಬದುಕುಳಿಯುವ ಕಾಲ ಕಡಿಮೆ ಕಂಡಿದೆ. ಅದನ್ನು ಹತೋಟಿಯಲ್ಲಿಡುವುದು ಡಾಕ್ಟರ ಕೆಲಸ, ಉಪವಾಸ ಕೆಡವಿ ಮಾಡುವಂಥದ್ದಲ್ಲ. ಮುದ್ದೆ ಒಂದೇ ಎಂದ ಆ ತಾಯಿಗೆ ನಾನು ಹೇಳಿದ್ದು, ನಿಮ್ಮೆಜಮಾನ್ರ ತೂಕ ಇಳೀತಿದೆ, ಮೊದಲು ಹೊಟ್ಟೆತುಂಬಾ ಊಟ ಹಾಕಿ, ಏನು ಹಾಕಬೇಕು ಅಂತ ನಿಮ್ಮ ಡಾಕ್ಟರನ್ನ ಕೇಳಿ ಅಂತ.

ಇಷ್ಟೆಲ್ಲ ಅಳೆದು ಏನು ಬಂತು ಎಂದರೆ ತೋರಿಸುವುದಕ್ಕೆ ಈಗ ಒಂದಿದೆ. ಕೆಟ್ಟ ಐಡಿಎಚ್ ಕಿಣ್ವವನ್ನು ತಡೆದು 2-ಎಚ್‌ಜಿ ಇಳಿಸುವ ವೊರಾಸಿಡೆನಿಬ್ ಮಾತ್ರೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎರಡನೇ ದರ್ಜೆಯ ಐಡಿಎಚ್ ಗ್ಲಿಯೋಮಾದವರಲ್ಲಿ ಗಡ್ಡೆ ಮತ್ತೆ ಬೆಳೆಯುವವರೆಗಿನ ಮಧ್ಯಂಕ ಅವಧಿ 11.1 ತಿಂಗಳಿದ್ದದ್ದು 27.7 ತಿಂಗಳಾಯಿತು. ಹೋಲಿಸಿ ನೋಡಿ: ಗ್ಲಿಯೋಬ್ಲಾಸ್ಟೋಮಾಗೆ 2005ರಲ್ಲಿ ರೇಡಿಯೇಷನ್ನಿನ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೊ ಔಷಧ ಸೇರಿದಾಗ ಮಧ್ಯಂಕ ಆಯುಷ್ಯ 12.1ರಿಂದ 14.6 ತಿಂಗಳಿಗೆ ಏರಿತ್ತು, ಅದೇ ಇವತ್ತಿಗೂ ಮೂಲ ಚಿಕಿತ್ಸೆ. ಹೊಸ ಮಾತ್ರೆ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯ ಪ್ರಕಾರ ಐಡಿಎಚ್ ಬದಲಾವಣೆ ಇಲ್ಲದ್ದನ್ನೇ ಈಗ ಗ್ಲಿಯೋಬ್ಲಾಸ್ಟೋಮಾ ಎನ್ನುವುದು. ಪೇಪರಿನಲ್ಲಿ ಸುದ್ದಿ ನೋಡಿ ಫೋನ್ ಮಾಡಿದವರಿಗೆ, ನಿಮ್ಮ ಬ್ಲಾಕಿನ ಐಡಿಎಚ್ ವರದಿ ಏನಿದೆ ಎಂದು ಕೇಳುವುದರಿಂದಲೇ ಮಾತು ಶುರುವಾಗುತ್ತದೆ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ.

ಸೇರಬೇಕೆನ್ನುವ ಮಕ್ಕಳಿಗೆ: ಕೆಮಿಸ್ಟ್ರಿ ಗಟ್ಟಿಯಿರಲಿ, ಕ್ಯಾನ್ಸರ್ ಆಮೇಲೆ ಕಲಿತರಾಗುತ್ತದೆ. ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನ 2023ರಿಂದ ತಿಂಗಳಿಗೆ 37,000, ಬರುವುದು ತಡವಾಗುತ್ತದೆ ಎಂದು ಮನೆಯಲ್ಲಿ ಮೊದಲೇ ಹೇಳಿಡಿ. ಥಿಯೇಟರಿಗೆ ಬೆಳಿಗ್ಗೆ ಹೋದರೆ ತುಂಡು ಸಿಗುವುದು ಸಂಜೆಯಾಗಬಹುದು, ಸಿಗದೆಯೂ ಇರಬಹುದು. ಮುಂದಿನ ಕೆಲಸ ಕತ್ತರಿಸದೆಯೇ ಅಳೆಯುವುದು. ಎಂಆರ್‌ಐ ಯಂತ್ರದಲ್ಲೇ ಸ್ಪೆಕ್ಟ್ರೋಸ್ಕೋಪಿ (ಒಳಗಿನ ರಾಸಾಯನಿಕಗಳ ಗುರುತು ಹಿಡಿಯುವ ಅಳತೆ) ಮಾಡಿದರೆ 2-ಎಚ್‌ಜಿ ಆ ಅಳತೆಯ ಗೆರೆಯ ಮೇಲೆ 2.25 ಪಿಪಿಎಂ ಎಂಬ ಜಾಗದಲ್ಲಿ ಒಂದು ಸಣ್ಣ ದಿಬ್ಬವಾಗಿ ಕಾಣುತ್ತದೆ, ಆದರೆ ಗ್ಲುಟಮೇಟ್, ಗ್ಲುಟಮಿನ್, ಗಾಬಾ ಎಲ್ಲ ಅದರ ಅಕ್ಕಪಕ್ಕದಲ್ಲೇ ಗುಂಪುಗೂಡಿರುತ್ತವೆ. ಮೂರು ಟೆಸ್ಲಾ ಯಂತ್ರದಲ್ಲಿ ಎಕೋ ಸಮಯವನ್ನು (ಯಂತ್ರ ಸಂಕೇತ ಕೊಟ್ಟು ಮರುದನಿ ಕೇಳುವವರೆಗಿನ ಹೊತ್ತು) 97 ಮಿಲಿಸೆಕೆಂಡಿಗೆ ಇಟ್ಟರೆ ಬಿಡಿಸಿ ನೋಡಬಹುದೆಂದು 2012ರಲ್ಲೇ ತೋರಿಸಿದ್ದಾರೆ. ನಮ್ಮಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಹಾಗೆ ನೋಡಿದ್ದನ್ನು, ಆಮೇಲೆ ಅದೇ ಗಡ್ಡೆಯ ಹೆಪ್ಪುಗಟ್ಟಿಸಿದ ತುಂಡಿನ ಲೆಕ್ಕದ ಜೊತೆ ತಾಳೆ ಹಾಕಬೇಕೆಂದು ಅರ್ಜಿ ಹಾಕಿದ್ದೇವೆ. ಸ್ಕ್ಯಾನಿಗೆ ತಗಲುವ ಹೆಚ್ಚಿನ ಹೊತ್ತು ರೋಗಿಗೆ ತೊಂದರೆಯಲ್ಲವೆ ಎಂದು ಎಥಿಕ್ಸ್ ಕಮಿಟಿ ಕೇಳಿದೆ. ನ್ಯಾಯವಾದ ಪ್ರಶ್ನೆ, ಉತ್ತರ ಬರೆಯುತ್ತಿದ್ದೇವೆ.